ಗಿನಿಪಿಗ್ ಮೇವು ಬಿಟ್ಟಾಗ ಮನೆಯಲ್ಲಿ ಮಾಡಬೇಕಾದ ಆರೈಕೆ

ಮೈಸೂರು, ಮಂಡ್ಯದ ಕಡೆ ಪಶುವೈದ್ಯರೆಂದರೆ ಬಹುಪಾಲು ಹಸು, ಎಮ್ಮೆ, ಕುರಿ, ನಾಯಿಗಳನ್ನು ನೋಡುವವರು. ಮಕ್ಕಳ ಹಟಕ್ಕೆ ಮಣಿದು ಮನೆಗೆ ತಂದ ಗಿನಿಪಿಗ್ ಒಂದು ಸಂಜೆ ಮೂಲೆಯಲ್ಲಿ ಮುದುಡಿ ಕುಳಿತರೆ, ಅದನ್ನು ಬಲ್ಲ ವೈದ್ಯರ ಬಳಿ ಒಯ್ಯುವವರೆಗಿನ ಒಂದು ರಾತ್ರಿಯನ್ನು ಅನೇಕ ವೇಳೆ ಮನೆಯವರೇ ನಿಭಾಯಿಸಬೇಕಾಗುತ್ತದೆ. ಆ ಹೊತ್ತಿನಲ್ಲಿಯೂ ಚಿಕಿತ್ಸೆ ಆರಂಭವಾದ ಮೇಲಿನ ದಿನಗಳಲ್ಲಿಯೂ ಏನು ಮಾಡಬೇಕು, ಏನನ್ನು ಮಾಡಲೇಬಾರದು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಮನೆಯ ಆರೈಕೆ ವೈದ್ಯರ ಚಿಕಿತ್ಸೆಯ ಜಾಗವನ್ನು ತುಂಬಲಾರದು. ಚಿಕಿತ್ಸೆ ಫಲಿಸುವವರೆಗೆ ಪ್ರಾಣಿಯ ಕರುಳು ನಿಂತುಹೋಗದಂತೆ ನೋಡಿಕೊಳ್ಳುವುದೇ ಅದರ ಮುಖ್ಯ ಕೆಲಸ.

ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಪ್ರದೇಶದ ಮೂಲದ ಈ ಪ್ರಾಣಿಯ ದೇಹ ಹಗಲೂ ರಾತ್ರಿಯೂ ಸ್ವಲ್ಪ ಸ್ವಲ್ಪವಾಗಿ ಹುಲ್ಲು ಮೇಯುವುದಕ್ಕೆ ಹೊಂದಿಕೊಂಡಿದೆ. ತಿಂದ ನಾರು ಅದರ ದೊಡ್ಡ ಕುರುಡುಕರುಳಿನಲ್ಲಿ (ದೊಡ್ಡಕರುಳಿನ ಆರಂಭದಲ್ಲಿರುವ ಚೀಲ) ಸೂಕ್ಷ್ಮಜೀವಿಗಳ ನೆರವಿನಿಂದ ಹುದುಗಿ ಜೀರ್ಣವಾಗುತ್ತದೆ. ಮೇವು ನಿಂತರೆ ಕರುಳಿನ ಚಲನೆ ನಿಧಾನವಾಗುತ್ತದೆ, ಗಾಳಿ ತುಂಬುತ್ತದೆ, ಹೊಟ್ಟೆ ನೋಯುತ್ತದೆ, ಆ ನೋವಿನಿಂದ ಪ್ರಾಣಿ ಮೇವನ್ನು ಇನ್ನಷ್ಟು ಬಿಡುತ್ತದೆ. ಇದರ ಜೊತೆಗೆ ಮೈಯ ಕೊಬ್ಬು ಕರಗಿ ಯಕೃತ್ತಿನಲ್ಲಿ ಶೇಖರವಾಗಿ ಅದನ್ನೂ ಕೆಡಿಸುತ್ತದೆ. ಹೀಗಾಗಿ ಮೂಲ ಕಾಯಿಲೆ ಹಲ್ಲಿನದಿರಲಿ, ಶ್ವಾಸಕೋಶದ್ದಿರಲಿ, ಮೂತ್ರಕೋಶದ ಕಲ್ಲಿನದಿರಲಿ, ಕೊನೆಗೆ ಪ್ರಾಣ ತೆಗೆಯುವುದು ಅನೇಕ ವೇಳೆ ಉಪವಾಸವೇ. 12 ಗಂಟೆಗಳ ಕಾಲ ಏನನ್ನೂ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಬೇಕು. ಇಡೀ ದಿನ ಕಾದು ನೋಡೋಣ, ನಾಳೆ ಸರಿಹೋದೀತು ಎಂಬ ಲೆಕ್ಕಾಚಾರ ನಾಯಿಯ ವಿಷಯದಲ್ಲಿ ನಡೆದೀತು. ಗಿನಿಪಿಗ್ ವಿಷಯದಲ್ಲಿ ನಡೆಯುವುದಿಲ್ಲ.

ಕಾಯಿಲೆಯನ್ನು ಬೇಗ ಗುರುತಿಸುವುದು

ಬೇಟೆಗೆ ಗುರಿಯಾಗುವ ಪ್ರಾಣಿಗಳೆಲ್ಲ ನೋವನ್ನು ಮುಚ್ಚಿಡುತ್ತವೆ. ಗಿನಿಪಿಗ್ ಮುದುಡಿ, ರೋಮ ನಿಮಿರಿಸಿ, ಕಣ್ಣು ಅರೆಮುಚ್ಚಿ ಕುಳಿತಿದೆ ಎಂದು ನಮಗೆ ತಿಳಿಯುವ ಹೊತ್ತಿಗೆ ಕಾಯಿಲೆ ಸಾಕಷ್ಟು ಮುಂದುವರಿದಿರುತ್ತದೆ. ಅದಕ್ಕೂ ಮುಂಚೆ ಸುಳಿವು ಕೊಡುವುದು ತಕ್ಕಡಿ. ಅಡುಗೆಮನೆಯಲ್ಲಿ ಬಳಸುವ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಡಬ್ಬಿಯಿಟ್ಟು, ಆರೋಗ್ಯವಾಗಿರುವಾಗ ವಾರಕ್ಕೊಮ್ಮೆಯೂ ಕಾಯಿಲೆಯಿದ್ದಾಗ ದಿನಕ್ಕೊಮ್ಮೆಯೂ ಒಂದೇ ಹೊತ್ತಿನಲ್ಲಿ ತೂಗಿ ಬರೆದಿಡಬೇಕು. ಬೆಳೆದ ಪ್ರಾಣಿ ಸಾಮಾನ್ಯವಾಗಿ 700ರಿಂದ 1200 ಗ್ರಾಂ ತೂಗುತ್ತದೆ. ಹತ್ತಿಪ್ಪತ್ತು ಗ್ರಾಂ ಏರಿಳಿತ ದಿನವೂ ಇದ್ದದ್ದೇ. ಆದರೆ ಮೈತೂಕದ ಹತ್ತನೇ ಒಂದು ಪಾಲು ಇಳಿದಿದ್ದರೆ, ಬೇರೆ ಯಾವ ಲಕ್ಷಣವೂ ಕಾಣದಿದ್ದರೂ, ವೈದ್ಯರಿಗೆ ತೋರಿಸಲೇಬೇಕು.

ಎರಡನೆಯ ಸುಳಿವು ಹಿಕ್ಕೆ. ಆರೋಗ್ಯವಾಗಿರುವ ಗಿನಿಪಿಗ್ ದಿನಪೂರ್ತಿ ಒಂದೇ ಗಾತ್ರದ, ಉದ್ದುದ್ದನೆಯ, ಕಂದುಬಣ್ಣದ ಹಿಕ್ಕೆಗಳನ್ನು ಧಾರಾಳವಾಗಿ ಹಾಕುತ್ತದೆ. ಅವು ಚಿಕ್ಕದಾಗಿ ಒಣಗಿದ್ದರೆ, ಒಂದಕ್ಕೊಂದು ಕೂದಲಿನಿಂದ ಕೋದಂತಿದ್ದರೆ, ಎಣಿಸುವಷ್ಟು ಕಡಿಮೆಯಾಗಿದ್ದರೆ ಕರುಳು ನಿಧಾನವಾಗಿದೆ ಎಂದೇ ಅರ್ಥ. ನೀರಾಗಿ ಭೇದಿಯಾದರೆ ಅದು ತುರ್ತುಸ್ಥಿತಿ. ಗೂಡಿನಲ್ಲಿ ಮರದ ಹೊಟ್ಟು ಹಾಸಿದ್ದರೆ ಇದಾವುದೂ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಕಾಯಿಲೆಯ ಪ್ರಾಣಿಗೆ ಹೊಟ್ಟನ್ನು ತೆಗೆದು ಹಳೆಯ ಬಿಳಿ ಪಂಚೆಯನ್ನು ಮಡಿಸಿ ಹಾಸುವುದು ಉತ್ತಮ. ಹಿಕ್ಕೆಯ ಲೆಕ್ಕವೂ ಮೂತ್ರದ ಬಣ್ಣವೂ ಅದರ ಮೇಲೆ ಸ್ಪಷ್ಟವಾಗಿ ಕಾಣುತ್ತವೆ. ಮೂತ್ರ ಸ್ವಲ್ಪ ಬೆಳ್ಳಗೆ ಕದಡಿದಂತಿದ್ದರೆ ಗಾಬರಿಪಡಬೇಕಿಲ್ಲ, ಸುಣ್ಣದ ಅಂಶ ಮೂತ್ರದಲ್ಲಿ ಹೋಗುವುದು ಈ ಪ್ರಾಣಿಯ ಸಹಜ ಗುಣ. ರಕ್ತ ಕಂಡರೆ ಅಥವಾ ಮೂತ್ರ ಮಾಡುವಾಗ ಬೆನ್ನು ಬಾಗಿಸಿ ಕಿರುಚಿದರೆ ಕಲ್ಲನ್ನೋ ಸೋಂಕನ್ನೋ ಶಂಕಿಸಬೇಕು.

ಇಷ್ಟನ್ನು ನೋಡುವ ಮೊದಲು ನೀರಿನ ಬಾಟಲಿಯನ್ನೊಮ್ಮೆ ಪರೀಕ್ಷಿಸಿ. ಕೊಳವೆಯ ತುದಿಯ ಗುಂಡು ಸಿಕ್ಕಿಕೊಂಡು ನೀರು ಬಾರದಿದ್ದರೆ ಪ್ರಾಣಿ ಬಾಯಾರಿ ಒಣ ಹುಲ್ಲನ್ನು ಬಿಟ್ಟುಬಿಡುತ್ತದೆ.

ಕೆಲವು ಲಕ್ಷಣಗಳಿಗೆ ಮನೆಯಲ್ಲಿ ಮಾಡುವಂಥದ್ದೇನೂ ಇಲ್ಲ. ಬಾಯಿ ತೆರೆದು ಉಸಿರಾಡುವುದು, ಹೊಟ್ಟೆ ತಮಟೆಯಂತೆ ಬಿಗಿದಿರುವುದು, ಮೂತ್ರ ಕಟ್ಟಿರುವುದು, ಭೇದಿ, ಸೆಳವು, ಕೈಗೆತ್ತಿಕೊಂಡರೆ ಬಟ್ಟೆಯಂತೆ ಜೋತುಬೀಳುವುದು, ಗಬ್ಬದ ಹೆಣ್ಣು ಮೇವು ಬಿಟ್ಟಿರುವುದು: ಇವುಗಳಲ್ಲಿ ಯಾವುದು ಕಂಡರೂ ಅದೇ ಗಳಿಗೆಯಲ್ಲಿ ಹೊರಡಬೇಕು.

ಬೆಚ್ಚಗೆ, ಶಾಂತವಾಗಿ ಇರಿಸುವುದು

ಬಳಲಿದ ಗಿನಿಪಿಗ್‌ನ ಕಿವಿ, ಪಾದಗಳು ತಣ್ಣಗಾಗುತ್ತವೆ. ಡಿಸೆಂಬರ್, ಜನವರಿಯ ಮೈಸೂರಿನ ರಾತ್ರಿಗಳಲ್ಲಿ ನೆಲದ ಕಲ್ಲಿನ ತಂಪೇ ಅದನ್ನು ಇನ್ನಷ್ಟು ಬಳಲಿಸಲು ಸಾಕು. ಬಿಸಿನೀರು ತುಂಬಿದ ಬಾಟಲಿಗೆ ಟವೆಲ್ ಸುತ್ತಿ ಪೆಟ್ಟಿಗೆಯ ಒಂದು ಬದಿಯಲ್ಲಿ ಮಾತ್ರ ಇಟ್ಟರೆ, ಬೆಚ್ಚಗೆ ಬೇಕೆನಿಸಿದಾಗ ಹತ್ತಿರ ಬರಲೂ ಸಾಕೆನಿಸಿದಾಗ ದೂರ ಸರಿಯಲೂ ಅವಕಾಶವಿರುತ್ತದೆ. ಗೂಡನ್ನು ಟಿವಿ, ನಾಯಿ, ಮಕ್ಕಳ ಗದ್ದಲದಿಂದ ದೂರವಿರುವ ಕೋಣೆಗೆ ಸಾಗಿಸಿ. ಸೊಳ್ಳೆಬತ್ತಿ, ಸಾಂಬ್ರಾಣಿ, ಊದುಬತ್ತಿ, ಒಗ್ಗರಣೆಯ ಘಾಟು, ಫಿನಾಯಿಲ್ ಇವೆಲ್ಲವೂ ಅದರ ಸೂಕ್ಷ್ಮವಾದ ಶ್ವಾಸನಾಳವನ್ನು ಕೆರಳಿಸುತ್ತವೆ; ಸೊಳ್ಳೆಗೆ ಗೂಡಿನ ಮೇಲೆ ಪರದೆ ಹಾಕುವುದೊಂದೇ ಸುರಕ್ಷಿತ ದಾರಿ.

ಜೊತೆಗಾರ ಗಿನಿಪಿಗ್ ಇದ್ದರೆ ಏನು ಮಾಡಬೇಕು ಎಂಬ ಪ್ರಶ್ನೆ ಬರುತ್ತದೆ. ಇವು ಗುಂಪಿನಲ್ಲಿ ಬದುಕುವ ಜೀವಿಗಳು. ಒಂಟಿಯಾದರೆ ಕಾಯಿಲೆಯ ಪ್ರಾಣಿ ಇನ್ನಷ್ಟು ಕುಗ್ಗುತ್ತದೆ. ಸೀನು, ಮೂಗಿನ ಸಿಂಬಳ, ಚರ್ಮರೋಗ ಮುಂತಾದ ಅಂಟುಕಾಯಿಲೆಯ ಶಂಕೆಯಿದ್ದರೆ ಮಾತ್ರ ಬೇರೆ ಕೋಣೆಯಲ್ಲಿ ಇರಿಸಬೇಕು. ಉಳಿದಂತೆ ನಡುವೆ ಒಂದು ಜಾಲರಿ ನಿಲ್ಲಿಸಿದರೆ ಸಾಕು: ಪರಸ್ಪರ ಕಾಣುತ್ತವೆ, ಮೂಸುತ್ತವೆ, ಯಾವುದು ಎಷ್ಟು ತಿಂದಿತು ಎಂಬ ಲೆಕ್ಕವೂ ನಮಗೆ ತಪ್ಪುವುದಿಲ್ಲ. ಮೊಲದೊಡನೆ ಒಂದೇ ಗೂಡಿನಲ್ಲಿ ಸಾಕುವ ರೂಢಿಯನ್ನು ಮಾತ್ರ ಬಿಡಲೇಬೇಕು. ಬೋರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ ಮೊಲ ಮತ್ತು ನಾಯಿಗಳ ಶ್ವಾಸನಾಳದಲ್ಲಿ ಯಾವ ತೊಂದರೆಯನ್ನೂ ಕೊಡದೆ ಇರಬಲ್ಲದು. ಅದೇ ಗಿನಿಪಿಗ್‌ಗೆ ತಗುಲಿದರೆ ನ್ಯುಮೋನಿಯಾ ತರುತ್ತದೆ.

ಸಿರಿಂಜಿನಿಂದ ಉಣಿಸುವುದು

ಆರೈಕೆಯ ತಿರುಳು ಇದೇ. ತಾನಾಗಿ ತಿನ್ನುತ್ತದೆಯೇ ಎಂದು ಮೊದಲು ಪರೀಕ್ಷಿಸಿ. ಗರಿಕೆ ಹುಲ್ಲು ಈ ಪ್ರಾಣಿಗೆ ಬಹಳ ಇಷ್ಟ, ಮತ್ತು ನಮ್ಮ ಅದೃಷ್ಟಕ್ಕೆ ಗಣಪತಿ ಪೂಜೆಗೆಂದು ಅದು ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಕಟ್ಟುಕಟ್ಟಾಗಿ ಸಿಗುತ್ತದೆ. ಹಲವು ನೀರಿನಲ್ಲಿ ತೊಳೆದು, ನೀರು ಬಸಿದು, ಎಳೆಯ ಗರಿಗಳನ್ನು ಒಂದೊಂದಾಗಿ ಮೂತಿಯ ಬಳಿ ಹಿಡಿದರೆ ಮೇವು ಬಿಟ್ಟ ಪ್ರಾಣಿಯೂ ಕೆಲವೊಮ್ಮೆ ಬಾಯಿ ಹಾಕುತ್ತದೆ. ಕೊತ್ತಂಬರಿ ಸೊಪ್ಪಿನ ಎಸಳುಗಳನ್ನೂ ಹೀಗೆಯೇ ಕೊಡಬಹುದು. ಮಂಡ್ಯದ ಕಡೆ ಸುಲಭವಾಗಿ ಸಿಗುವ ಭತ್ತದ ಹುಲ್ಲು ಗಡಸು, ಸತ್ವವೂ ಕಡಿಮೆ. ಕಾಯಿಲೆಯ ಪ್ರಾಣಿಗೆ ಅದು ಮೇವಾಗಲಾರದು. ಕಬ್ಬಿನ ಸೋಗೆಯ ಅಂಚು ಬಾಯಿಯನ್ನು ಕುಯ್ಯುತ್ತದೆ. ಕುದುರೆಮೆಂತ್ಯ ಸತ್ವವುಳ್ಳದ್ದಾದರೂ ಸುಣ್ಣದ ಅಂಶ ಹೆಚ್ಚಾದ್ದರಿಂದ ಮೂತ್ರದ ಕಲ್ಲಿನ ಶಂಕೆಯಿರುವ ಪ್ರಾಣಿಗೆ ಬೇಡ.

ತಾನಾಗಿ ತಿನ್ನದಿದ್ದರೆ ಉಣಿಸಬೇಕು. ಸಸ್ಯಾಹಾರಿ ಪ್ರಾಣಿಗಳಿಗೆಂದೇ ತಯಾರಿಸಿದ, ನಾರು ಹೆಚ್ಚಿರುವ ಪುಡಿ ಆಹಾರ ಸಿಕ್ಕರೆ ಅದೇ ಎಲ್ಲಕ್ಕಿಂತ ಉತ್ತಮ, ಮುಂಚೆಯೇ ತರಿಸಿಟ್ಟುಕೊಂಡಿರಬೇಕು. ಇಲ್ಲದಿದ್ದರೆ ದಿನವೂ ತಿನ್ನುತ್ತಿದ್ದ ಗಿನಿಪಿಗ್ ಪೆಲೆಟ್‌ಗಳನ್ನು (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಒಣ ಆಹಾರ) ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಮಿಕ್ಸಿಯಲ್ಲಿ ನುಣ್ಣಗೆ ಅರೆದು, ಸಿರಿಂಜಿನಲ್ಲಿ ಕಟ್ಟಿಕೊಳ್ಳದಂತೆ ಜರಡಿಯಲ್ಲಿ ಸೋಸಿ ಗಂಜಿಯ ಹದಕ್ಕೆ ತರಬೇಕು. ಹಾಲು, ಮೊಸರು, ಅನ್ನದ ಗಂಜಿ, ರಾಗಿ ಅಂಬಲಿ, ಬೆಲ್ಲದ ನೀರು, ಓಮದ ನೀರು ಇವು ಮನುಷ್ಯರಿಗೆ ಹಿತವಾದರೂ ಗಿನಿಪಿಗ್‌ಗೆ ಕೊಡುವಂಥವಲ್ಲ. ಪಿಷ್ಟ ಮತ್ತು ಸಕ್ಕರೆ ಕುರುಡುಕರುಳಿನಲ್ಲಿ ತಪ್ಪು ಬಗೆಯ ಸೂಕ್ಷ್ಮಜೀವಿಗಳನ್ನು ಬೆಳೆಸಿ ಹೊಟ್ಟೆಯುಬ್ಬರವನ್ನು ಹೆಚ್ಚಿಸುತ್ತವೆ. ಹಿರಿಯರು ಪ್ರೀತಿಯಿಂದಲೇ ಸೂಚಿಸಿದರೂ ಇದನ್ನು ವಿನಯದಿಂದ ನಿರಾಕರಿಸಿ.

ಔಷಧದ ಅಂಗಡಿಯಲ್ಲಿ ಸೂಜಿಯಿಲ್ಲದ 1 ಮಿಲಿ ಮತ್ತು 5 ಮಿಲಿ ಸಿರಿಂಜುಗಳನ್ನು ಕೇಳಿ ತನ್ನಿ. ಸೂಜಿ ಅಂಟಿಕೊಂಡೇ ಬರುವ ಇನ್ಸುಲಿನ್ ಸಿರಿಂಜು ಇದಕ್ಕೆ ಬೇಡ. ಪ್ರಾಣಿಯನ್ನು ಟವೆಲಿನಲ್ಲಿ ಸುತ್ತಿ, ಮುಂಗಾಲುಗಳು ಒಳಗಿರುವಂತೆ, ಹೊಟ್ಟೆ ಕೆಳಗಾಗಿ ಕುಳಿತ ಭಂಗಿಯಲ್ಲಿಯೇ ಮಡಿಲಲ್ಲಿ ಇರಿಸಿಕೊಳ್ಳಿ. ಮಗುವಿನಂತೆ ಅಂಗಾತ ಮಲಗಿಸಿ ಎಂದೂ ಉಣಿಸಬಾರದು. ಆಹಾರ ಶ್ವಾಸನಾಳಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ. ಮುಂದಿನ ಬಾಚಿಹಲ್ಲುಗಳ ಹಿಂದೆ, ಕೆನ್ನೆಯ ಬದಿಯಲ್ಲಿ ಹಲ್ಲಿಲ್ಲದ ತೆರಪಿದೆ. ಸಿರಿಂಜಿನ ತುದಿಯನ್ನು ಅಲ್ಲಿಂದ ಓರೆಯಾಗಿ ಒಳಗಿಟ್ಟು ಅರ್ಧ ಮಿಲಿಯಷ್ಟು ಮಾತ್ರ ಒತ್ತಿ, ಅದು ಅಗಿದು ನುಂಗುವವರೆಗೆ ಕಾಯಬೇಕು. ದವಡೆ ಆಡುವುದು ಕಾಣದೆ ಎರಡನೆಯ ಸಲ ಒತ್ತಬಾರದು. ಒಂದು ಕೆಜಿ ತೂಕದ ಪ್ರಾಣಿಗೆ ದಿನವೊಂದಕ್ಕೆ ಒಟ್ಟು 50ರಿಂದ 80 ಮಿಲಿ ಆಹಾರವನ್ನು ಐದಾರು ಸಲಕ್ಕೆ ಹಂಚಿ, ರಾತ್ರಿಯೂ ಒಂದು ಸಲ ಎದ್ದು ಕೊಡಬೇಕು. ಮೊದಲ ದಿನ ಅಷ್ಟು ಒಳಗೆ ಹೋಗದಿದ್ದರೆ ಬಲವಂತ ಬೇಡ. ಕಡಿಮೆ ಪ್ರಮಾಣವನ್ನೇ ಹೆಚ್ಚು ಸಲ ಕೊಡಿ. ನಡುನಡುವೆ ಬರಿಯ ನೀರನ್ನೂ ಹನಿಹನಿಯಾಗಿ ಕುಡಿಸಿ. ಮುಗಿದ ಮೇಲೆ ಗಲ್ಲ, ಕುತ್ತಿಗೆಗಳನ್ನು ಒದ್ದೆ ಬಟ್ಟೆಯಿಂದ ಒರೆಸದಿದ್ದರೆ ಅಂಟಿದ ಆಹಾರ ಒಣಗಿ ಚರ್ಮ ಹುಣ್ಣಾಗುತ್ತದೆ.

ಹೊಟ್ಟೆ ಬಿಗಿದು ಉಬ್ಬಿರುವಾಗ, ಉಸಿರಾಟ ಕಷ್ಟವಾಗಿರುವಾಗ, ಪ್ರಜ್ಞೆ ಮಂಕಾಗಿರುವಾಗ ಉಣಿಸಲೇಬಾರದು. ಈ ಪ್ರಾಣಿಗೆ ವಾಂತಿ ಮಾಡಿಕೊಳ್ಳುವ ಶಕ್ತಿಯಿಲ್ಲ. ಮುಂದೆ ಸಾಗದ ಹೊಟ್ಟೆಗೆ ಇನ್ನಷ್ಟು ತುಂಬಿದರೆ ಅಪಾಯ.

ಗಿನಿಪಿಗ್‌ನ ದೇಹ, ಮನುಷ್ಯನ ದೇಹದಂತೆಯೇ, ವಿಟಮಿನ್ ಸಿಯನ್ನು ತಾನೇ ತಯಾರಿಸಿಕೊಳ್ಳಲಾರದು. ಆರೋಗ್ಯವಾಗಿರುವಾಗ ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 10 ಮಿಲಿಗ್ರಾಂ ಬೇಕಾಗುವ ಈ ಸತ್ವ ಕಾಯಿಲೆಯಲ್ಲಿ 30ರಿಂದ 50 ಮಿಲಿಗ್ರಾಂವರೆಗೂ ಬೇಕಾಗುತ್ತದೆ. ಕೊರತೆಯಾದರೆ ಕೀಲುಗಳು ಊದಿ ನಡೆಯಲು ನೋವಾಗುತ್ತದೆ, ಒಸಡಿನಲ್ಲಿ ರಕ್ತ ಜಿನುಗುತ್ತದೆ, ಗಾಯ ಮಾಯುವುದಿಲ್ಲ, ಮೇವು ಬಿಡುತ್ತದೆ. ದಪ್ಪ ಮೆಣಸಿನಕಾಯಿ ಇದಕ್ಕೆ ಒಳ್ಳೆಯ ಆಸರೆ, ಏಕೆಂದರೆ ಅದರಲ್ಲಿ ಸಕ್ಕರೆ ಕಡಿಮೆ. ಸೀಬೆಹಣ್ಣಿನಲ್ಲಿ ವಿಟಮಿನ್ ಸಿ ಇನ್ನೂ ಹೆಚ್ಚಿದ್ದರೂ ಸಿಹಿಯಿರುವುದರಿಂದ ಸಣ್ಣ ಹೋಳು ಸಾಕು. ನೆಲ್ಲಿಕಾಯಿಯನ್ನು ತೆಳ್ಳಗೆ ಸೀಳಿ ಒಂದು ಚೂರು ಕೊಟ್ಟು ನೋಡಬಹುದು. ತಿನ್ನಲಾರದ ಪ್ರಾಣಿಗೆ ವೈದ್ಯರು ಹೇಳಿದಷ್ಟು ವಿಟಮಿನ್ ಸಿಯನ್ನು ಉಣಿಸುವ ಆಹಾರದಲ್ಲಿಯೇ ಕಲಸಬೇಕು. ಕುಡಿಯುವ ನೀರಿಗೆ ಬೆರೆಸಿದರೆ ಬೆಳಕು, ಗಾಳಿಗೆ ಅದು ಬೇಗ ಕೆಡುತ್ತದೆ, ನೀರಿನ ರುಚಿ ಬದಲಾಗಿ ಪ್ರಾಣಿ ಕುಡಿಯುವುದನ್ನೂ ಬಿಡಬಹುದು. ಬಹುವಿಟಮಿನ್ ಟಾನಿಕ್ಕುಗಳಲ್ಲಿ ಎ ಮತ್ತು ಡಿ ಅತಿಯಾಗುವ ಭಯವಿರುವುದರಿಂದ ಅವು ಬೇಡ.

ಔಷಧದ ಡಬ್ಬಿಯನ್ನು ತೆರೆಯುವ ಮುನ್ನ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಮನೆಯಲ್ಲಿ ಮಕ್ಕಳಿಗೆಂದು ತಂದು ಉಳಿದ ಅಮಾಕ್ಸಿಸಿಲಿನ್ ಸಿರಪ್ಪು ಗಿನಿಪಿಗ್‌ಗೆ ವಿಷವಿದ್ದಂತೆ. ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಕ್ಲಿಂಡಮೈಸಿನ್, ಲಿಂಕೋಮೈಸಿನ್, ಎರಿಥ್ರೋಮೈಸಿನ್ ಈ ಔಷಧಗಳು ಕುರುಡುಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದುಹಾಕುತ್ತವೆ. ಖಾಲಿಯಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಮ್ ಜಾತಿಯ ಬ್ಯಾಕ್ಟೀರಿಯಾಗಳು ಬೆಳೆದು ವಿಷ ಉಗುಳುತ್ತವೆ. ಭೇದಿಯಾಗಿ ಕೆಲವೇ ದಿನಗಳಲ್ಲಿ ಪ್ರಾಣಿ ಸಾಯುತ್ತದೆ. ಗಿನಿಪಿಗ್‌ಗಳನ್ನು ಬಲ್ಲ ವೈದ್ಯರು ಸಾಮಾನ್ಯವಾಗಿ ಎನ್ರೋಫ್ಲಾಕ್ಸಾಸಿನ್ ಅಥವಾ ಟ್ರೈಮೆಥೊಪ್ರಿಮ್ ಮತ್ತು ಸಲ್ಫಾ ಕೂಡಿರುವ ಔಷಧವನ್ನು ಆರಿಸುತ್ತಾರೆ. ನಾಯಿಗಳನ್ನೇ ಹೆಚ್ಚಾಗಿ ನೋಡುವ ವೈದ್ಯರು ಆಂಟಿಬಯಾಟಿಕ್ ಬರೆದುಕೊಟ್ಟಾಗ, "ಸಾರ್, ಇದು ಗಿನಿಪಿಗ್ ಕರುಳಿಗೆ ಆಗುತ್ತದೆಯೇ?" ಎಂದು ಕೇಳುವುದರಲ್ಲಿ ಅಗೌರವವೇನೂ ಇಲ್ಲ. ಆ ಪ್ರಶ್ನೆಯೇ ಪ್ರಾಣ ಉಳಿಸಬಹುದು. ಸರಿಯಾದ ಆಂಟಿಬಯಾಟಿಕ್ ಕೂಡ ಹಸಿವನ್ನು ಕುಂದಿಸುತ್ತದೆ, ಹಾಗಾಗಿ ಔಷಧದ ಜೊತೆಗೆ ಉಣಿಸುವುದನ್ನೂ ಮುಂದುವರಿಸಬೇಕು.

ನೋವಿಗೆ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಸಿರಪ್ಪುಗಳನ್ನು ಅಂದಾಜಿನಲ್ಲಿ ಕೊಡಬಾರದು. ನೋವು ಶಮನವಾದರೆ ಮಾತ್ರ ಪ್ರಾಣಿ ಮೇವು ಮುಟ್ಟುತ್ತದೆ ಎಂಬುದು ನಿಜ. ಅದಕ್ಕೆ ವೈದ್ಯರು ತೂಕ ನೋಡಿ ಕೊಡುವ ಮೆಲಾಕ್ಸಿಕಮ್‌ನಂಥ ಔಷಧವಿದೆ. ನೋವಿನ ಔಷಧ ಬರೆದಿಲ್ಲದಿದ್ದರೆ ಬೇಕೇ ಎಂದು ನೀವೇ ಕೇಳಿ.

ಹೆಚ್ಚು ಕಾಣುವ ಕೆಲವು ತೊಂದರೆಗಳು

ಹಲ್ಲಿನದನ್ನು ಮೊದಲು ಹೇಳುತ್ತೇನೆ. ಗಿನಿಪಿಗ್‌ನ ಇಪ್ಪತ್ತು ಹಲ್ಲುಗಳೂ ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತವೆ, ಹುಲ್ಲು ಅಗಿಯುವುದರಿಂದಲೇ ಸವೆಯುತ್ತವೆ. ಬರಿಯ ಪೆಲೆಟ್, ಸೌತೆಕಾಯಿ, ಕ್ಯಾರೆಟ್ ತಿಂದು ಬೆಳೆದದ್ದಕ್ಕೆ ದವಡೆ ಹಲ್ಲುಗಳು ಬೆಳೆದು ನಾಲಿಗೆಯ ಮೇಲೆ ಕಮಾನಿನಂತೆ ಬಾಗುತ್ತವೆ. ಆಸೆಯಿಂದ ಮೇವಿನ ಬಳಿಗೆ ಬಂದು, ಬಾಯಿಗಿಟ್ಟು, ಕೆಳಗೆ ಬೀಳಿಸಿದರೆ, ಗಲ್ಲ ಸದಾ ಜೊಲ್ಲಿನಿಂದ ಒದ್ದೆಯಾಗಿದ್ದರೆ ಕಾರಣ ಇದೇ ಇರಬಹುದು. ಅರಿವಳಿಕೆ ಕೊಟ್ಟು ಹಲ್ಲು ತೇಯಬೇಕಾದ ಕೆಲಸವಿದು. ಮನೆಯಲ್ಲಿ ಉಗುರು ಕತ್ತರಿಸುವ ಸಾಧನದಿಂದ ಮುಂದಿನ ಹಲ್ಲನ್ನು ಕತ್ತರಿಸಿದರೆ ಹಲ್ಲು ಬುಡದವರೆಗೆ ಸೀಳಿಹೋಗಬಹುದು.

ಬಿಸಿಲಿನ ಏಟು ನಮ್ಮ ಕಡೆ ಮಾರ್ಚ್‌ನಿಂದ ಮೇವರೆಗೆ ನಿಜವಾದ ಅಪಾಯ. ಈ ಪ್ರಾಣಿಗೆ ಹಿತವಾದುದು 18ರಿಂದ 24 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಮಂಡ್ಯದಲ್ಲಿ 35 ಡಿಗ್ರಿ ದಾಟಿರುವಾಗ, ತಾರಸಿಯ ಕೆಳಗಿನ ಕೋಣೆಯಲ್ಲಿ ಕರೆಂಟೂ ಹೋದರೆ, ದುಂಡು ಮೈಯ, ಬೆವರದ ಈ ಜೀವಕ್ಕೆ ತಡೆಯುವ ದಾರಿಯಿಲ್ಲ. ಕಾಲು ಚಾಚಿ ಬಿದ್ದು, ಜೊಲ್ಲು ಸುರಿಸುತ್ತ, ವೇಗವಾಗಿ ಉಸಿರಾಡುತ್ತಿದ್ದರೆ ತಕ್ಷಣ ತಂಪಾದ ಕೋಣೆಗೆ ಒಯ್ದು, ಕಿವಿ ಮತ್ತು ಪಾದಗಳಿಗೆ ನಲ್ಲಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಒತ್ತಿ, ಮೆಲ್ಲಗೆ ಗಾಳಿ ಬೀಸಿ. ಐಸ್ ನೀರಿನಲ್ಲಿ ಅದ್ದುವುದು, ಬಾಯಿಗೆ ನೀರು ಸುರಿಯುವುದು ಎರಡೂ ಕೂಡದು. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಿ. ಬೇಸಿಗೆಯಲ್ಲಿ ಮಣ್ಣಿನ ಮಡಕೆಯನ್ನು ಅಡ್ಡ ಮಲಗಿಸಿ ಹೊರಗೆ ಒದ್ದೆಗೋಣಿ ಹೊದಿಸಿಟ್ಟರೆ ಅದರೊಳಗೆ ಹೋಗಿ ತಣ್ಣಗೆ ಮಲಗುತ್ತದೆ.

ಕೂದಲುದುರಿ, ಹೊಟ್ಟು ಎದ್ದು, ಸದಾ ಕೆರೆದುಕೊಳ್ಳುತ್ತಿದ್ದರೆ ಕಜ್ಜಿಯ ನುಸಿ ಇರಬಹುದು. ಇದರ ತುರಿಕೆ ಎಷ್ಟು ಘೋರವೆಂದರೆ ಕೆಲವು ಪ್ರಾಣಿಗಳಿಗೆ ಸೆಳವೇ ಬರುತ್ತದೆ. ಬೇವಿನೆಣ್ಣೆ, ಕರ್ಪೂರದ ಎಣ್ಣೆ, ಸೀಮೆಎಣ್ಣೆ, ನಾಯಿಯ ಉಣ್ಣೆಪುಡಿ ಯಾವುದನ್ನೂ ಹಚ್ಚಬೇಡಿ. ಹಚ್ಚಿದ್ದೆಲ್ಲವೂ ನೆಕ್ಕಿ ಹೊಟ್ಟೆ ಸೇರುತ್ತದೆ. ದನಗಳಿಗೆ ಬಳಸುವ ಐವರ್ಮೆಕ್ಟಿನ್ ಇಂಜೆಕ್ಷನ್ನಿನ ಒಂದು ಹನಿಯ ಹೆಚ್ಚುಕಡಿಮೆಯೂ ಇಷ್ಟು ಚಿಕ್ಕ ದೇಹಕ್ಕೆ ದೊಡ್ಡದು, ಆದ್ದರಿಂದ ಆ ಔಷಧವನ್ನು ವೈದ್ಯರೇ ತೂಕ ನೋಡಿ ಕೊಡಬೇಕು, ಅವರು ಹೇಳಿದ ದಿನ ಮತ್ತೆ ಕೊಡಿಸಬೇಕು. ಜೊತೆಗಾರರಿಗೂ ಚಿಕಿತ್ಸೆ ಬೇಕು. ಮೂತಿ, ಕಣ್ಣಿನ ಸುತ್ತ ದುಂಡಗೆ ಕೂದಲು ಹೋಗಿದ್ದರೆ ಅದು ಹುಳುಕಡ್ಡಿಯಾಗಿರಬಹುದು. ಇದು ಮನುಷ್ಯರಿಗೂ ಅಂಟುವುದರಿಂದ ಮಕ್ಕಳ ಕೈಗೆ ಕೊಡದೆ, ಕೈಗವಸು ಹಾಕಿಕೊಂಡು ಮುಟ್ಟಿ, ಸೋಪಿನಿಂದ ಕೈ ತೊಳೆಯಬೇಕು.

ವೈದ್ಯರ ಬಳಿ ಒಯ್ಯುವಾಗ

ಕಾಯಿಲೆ ಬರುವ ಮೊದಲೇ, ಮೊಲ ಮತ್ತು ಗಿನಿಪಿಗ್‌ಗಳನ್ನು ನೋಡುವ ವೈದ್ಯರು ಊರಿನಲ್ಲಿ ಯಾರಿದ್ದಾರೆಂದು ವಿಚಾರಿಸಿ ನಂಬರನ್ನು ಬರೆದಿಡಿ. ರಟ್ಟಿನ ಪೆಟ್ಟಿಗೆಗೆ ಗಾಳಿಯಾಡಲು ತೂತು ಮಾಡಿ, ಟವೆಲ್ ಹಾಸಿ, ಹುಲ್ಲು ಮತ್ತು ಒಂದು ಹೋಳು ಸೌತೆಕಾಯಿ ಹಾಕಿ. ತೂಕದ ಪಟ್ಟಿಯನ್ನೂ ಹಿಂದಿನ ದಿನದ ಹಿಕ್ಕೆಯನ್ನೂ ಕೊಟ್ಟ ಔಷಧಗಳ ಹೆಸರನ್ನೂ ಒಯ್ಯಿರಿ. ಊರಿನಲ್ಲಿ ಆಗದ ಶಸ್ತ್ರಚಿಕಿತ್ಸೆಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯವರೆಗೂ ಹೋಗಬೇಕಾದೀತು. ಬೇಸಿಗೆಯಾದರೆ ಬೆಳಗಿನ ಜಾವವೇ ಹೊರಡುವುದು ಲೇಸು, ನಿಲ್ಲಿಸಿದ ಕಾರಿನೊಳಗೆ ಐದು ನಿಮಿಷವೂ ಬಿಟ್ಟುಹೋಗಬಾರದು. ಶಸ್ತ್ರಚಿಕಿತ್ಸೆಗೆ ಮುನ್ನ ನಾಯಿಗಳಂತೆ ರಾತ್ರಿಯಿಡೀ ಉಪವಾಸ ಕೆಡವುವ ಅಗತ್ಯ ಈ ಪ್ರಾಣಿಗಿಲ್ಲ ಎಂಬುದನ್ನು ವೈದ್ಯರೊಡನೆ ಮೊದಲೇ ಮಾತಾಡಿಕೊಳ್ಳಿ. ಗುಣವಾಗುವ ದಾರಿಯೇ ಇಲ್ಲದೆ ನೋವು ಮಾತ್ರ ಉಳಿದಿದೆ ಎಂದು ವೈದ್ಯರು ಹೇಳಿದರೆ, ನೋವಿಲ್ಲದ ಸಾವನ್ನು ಕೊಡಿಸುವುದೂ ಪ್ರಾಣಿಗೆ ಸಲ್ಲಿಸುವ ಸೇವೆಯೇ ಎಂದು ನಾನು ನಂಬುತ್ತೇನೆ.

ಚೇತರಿಸಿಕೊಳ್ಳುವ ಪ್ರಾಣಿ ಮೊದಲು ಎಳೆಯ ಸೊಪ್ಪನ್ನು, ಅನಂತರ ಹುಲ್ಲನ್ನು, ಕೊನೆಗೆ ಪೆಲೆಟ್‌ಗಳನ್ನು ಮುಟ್ಟುವುದು ಸಾಮಾನ್ಯ. ಒಂದು ಹಿಡಿ ಸೊಪ್ಪು ತಿಂದಿತೆಂದು ಸಿರಿಂಜನ್ನು ಅಂದೇ ಎತ್ತಿಡಬೇಡಿ. ಉಣಿಸುವ ಪ್ರಮಾಣವನ್ನು ದಿನದಿನಕ್ಕೆ ಇಳಿಸುತ್ತ, ಎರಡು ಮೂರು ದಿನ ತೂಕ ಇಳಿಯದೆ ನಿಂತು, ಹಿಕ್ಕೆ ಮೊದಲಿನ ಗಾತ್ರಕ್ಕೆ ಬಂದ ಮೇಲೆ ನಿಲ್ಲಿಸಿ. ಆಂಟಿಬಯಾಟಿಕ್ಕನ್ನು ಹೇಳಿದಷ್ಟು ದಿನ ಪೂರ್ತಿ ಕೊಡಿ. ಗೂಡನ್ನು ಬಿಸಿನೀರು, ಸೋಪಿನಿಂದ ತೊಳೆದು ಬಿಸಿಲಿನಲ್ಲಿ ಒಣಗಿಸಿ, ಹೊಸ ಹಾಸು ಹಾಕಿ, ಅಂಟುಕಾಯಿಲೆಯಾಗಿದ್ದರೆ ವೈದ್ಯರು ಒಪ್ಪಿದ ಬಳಿಕವೇ ಜೊತೆಗಾರನ ಬಳಿ ಬಿಡಿ. ಮುಂದಿನ ಒಂದು ತಿಂಗಳು ವಾರಕ್ಕೆರಡು ಸಲ ತೂಗುವುದನ್ನು ತಪ್ಪಿಸಬೇಡಿ, ಏಕೆಂದರೆ ಹಲ್ಲಿನ ತೊಂದರೆ ಮತ್ತು ಮೂತ್ರದ ಕಲ್ಲು ಎರಡೂ ಮರುಕಳಿಸುವಂಥವು.